ಅಡಿಗೆಮನೆ ಇಲ್ಲದ ವಾಡೆ

ನಮ್ಮ ಊರಿನಲ್ಲಿ ಮನೆಗಳು ಎರಡು ಬಗೆ: ಕಟ್ಟಿದ ಮನೆ, ಹೇಳಿದ ಮನೆ. ಕಟ್ಟಿದ ಮನೆಗಳು ಸಂತೆಪೇಟೆಯ ಸುತ್ತ ಒಂದರ ಮೈಗೆ ಒಂದು ತಾಗಿಸಿಕೊಂಡು ನಿಂತಿವೆ. ಮಣ್ಣೋ ಕಲ್ಲೋ ತಗಡೋ, ಅವರವರ ಶಕ್ತಿಯಿದ್ದಷ್ಟು. ಹೇಳಿದ ಮನೆಗಳು ಊರ ಹೊರಗಿನ ಎರೆಬಯಲಿನಲ್ಲಿ. ಅಲ್ಲಿ ಬರಿಗಾಲಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ, ಕಣ್ಣಾರೆ ಕಂಡ ಮನೆಯನ್ನು ಯಾರು ಹೇಳಿದರೂ ಅದು ಎದ್ದು ನಿಲ್ಲುತ್ತದೆ. ಹೇಳಿದಷ್ಟೇ ನಿಲ್ಲುತ್ತದೆ, ಹೇಳಿದ ಹಾಗೇ ನಿಲ್ಲುತ್ತದೆ. ಇಲ್ಲದ್ದನ್ನು ಸೇರಿಸಿದರೆ ಅಷ್ಟು ಭಾಗ ಪುಡಿಮಣ್ಣಾಗಿ ಕೆಳಗಿಳಿಯುತ್ತದೆ. ಹೇಳಿದವರು ಸತ್ತ ದಿನ ಪೂರ್ತಿ ಬೀಳುತ್ತದೆ. ಇದು ಯಾಕೆ, ಹೇಗೆ ಎಂದು ನಮ್ಮವರು ಯಾರೂ ತಲೆ ಕೆಡಿಸಿಕೊಂಡಿಲ್ಲ. ತಲೆ ಕೆಡಿಸಿಕೊಳ್ಳಲು ಬೇರೆ ಎಷ್ಟೋ ವಿಷಯಗಳಿವೆ.

ಮೊದಲೆಲ್ಲ ಆ ಬಯಲಿಗೆ ಹೋಗುತ್ತಿದ್ದವರು ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು. ತವರಿನ ಪಡಸಾಲೆಯನ್ನೋ ಹಿತ್ತಿಲ ಕಟ್ಟೆಯನ್ನೋ ಹೇಳಿಕೊಂಡು, ಮಧ್ಯಾಹ್ನ ಅದರ ಮೇಲೆ ತುಸು ಹೊತ್ತು ಕೂತು, ಮೂಗು ಒರೆಸಿಕೊಂಡು, ಗಂಡನ ಮನೆಯ ರೊಟ್ಟಿ ಬಡಿಯಲು ವಾಪಸು ಬರುತ್ತಿದ್ದರು. ಆಮೇಲೆ ಹೊಳೆಯ ಆಚೆ ದಂಡೆಯಲ್ಲಿ ಆಳುಗಳೆಲ್ಲ ಎದ್ದು ಧಣಿಗಳನ್ನು ಓಡಿಸಿದರು. ಆಚೆಯವರು ಅದನ್ನು ಕ್ರಾಂತಿ ಎನ್ನುತ್ತಾರೆ. ನಮ್ಮ ಊರಿಗೆ ಓಡಿ ಬಂದ ಧಣಿಗಳು ಅದನ್ನು ಗದ್ದಲ ಎನ್ನುತ್ತಾರೆ, ಮದುವೆ ಮನೆಯಲ್ಲಿ ಮಕ್ಕಳು ಮಾಡುವುದಕ್ಕೂ ಅದೇ ಹೆಸರು. ಬಂದವರೇ ಬಯಲಿಗೆ ಹೋಗಿ ಒಬ್ಬೊಬ್ಬರೂ ತಾವು ಬಿಟ್ಟು ಬಂದ ಅರಮನೆಯಂಥ ವಾಡೆಗಳನ್ನು ಹೇಳತೊಡಗಿದರು. ಎರಡು ವರ್ಷದಲ್ಲಿ ದನ ಮೇಯಿಸಲು ಜಾಗವಿಲ್ಲದಂತಾಯಿತು.

ನಮ್ಮವರು ಜಾಣರು, ಹೊಂದಿಕೊಂಡರು. ಯಾವುದೋ ಇನಾಮದಾರರ ದಿವಾನಖಾನೆಯಲ್ಲಿ ಈಗ ಶಾಲೆಯ ಪರೀಕ್ಷೆಗಳು ನಡೆಯುತ್ತವೆ. ಎಲ್ಲಿಗೂ ಹೋಗದ ಒಂದು ಅಮೃತಶಿಲೆಯ ಮೆಟ್ಟಿಲ ಮೇಲೆ ಹಜಾಮ ಕನ್ನಡಿ ತೂಗುಹಾಕಿದ್ದಾನೆ. ಮೆಟ್ಟಿಲು ಹೇಳಿದವರಿಗೆ ಮಹಡಿ ಮರೆತು ಹೋಗಿತ್ತಂತೆ. ಬಟ್ಟೆ ಒಗೆಯುವ ಮುಕ್ತುಂಬಿ ಮೂರು ವಾಡೆಗಳ ಕಂಬಗಳಿಗೆ ಹಗ್ಗ ಕಟ್ಟಿ ಇಡೀ ಊರಿನ ಬಟ್ಟೆ ಒಣಹಾಕುತ್ತಾಳೆ. ಹೇಳಿದವರು ಸತ್ತರೆ ಕಂಬ ಬೀಳುತ್ತದಲ್ಲ, ಅದಕ್ಕೇ ಧಣಿಗಳಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಮುಕ್ತುಂಬಿ ಕಷಾಯ ಹಿಡಿದು ಓಡುತ್ತಾಳೆ. ಧಣಿಗಳು ಅದನ್ನು ಭಕ್ತಿ ಎಂದು ತಿಳಿದಿದ್ದಾರೆ. ಹಗ್ಗ ಸುಟ್ಟರೂ ಹುರಿ ಹೋಗಲಿಲ್ಲ ಎನ್ನುವುದು ಇಂಥವರನ್ನು ನೋಡಿಯೇ.

ನಾನು ಫಕೀರವ್ವ. ಮೌಲಾಸಾಬರ ಛಾಪಖಾನೆಯಲ್ಲಿ ಮೊಳೆ ಜೋಡಿಸುತ್ತೇನೆ. ಅಚ್ಚಿನ ಮೊಳೆಗಳನ್ನು ತೊಳೆಯುವ ಕೆಲಸಕ್ಕೆಂದು ಚಿಕ್ಕವ್ವ ನನ್ನನ್ನು ಅಲ್ಲಿ ಸೇರಿಸಿದಳು. ತೊಳೆಯುತ್ತ ತೊಳೆಯುತ್ತ ಅಕ್ಷರ ಕಲಿತೆ, ಅದೂ ತಲೆಕೆಳಗಾಗಿ. ಮೂಲದಲ್ಲಿ ನಾನೂ ಆಚೆ ದಂಡೆಯವಳೇ. ಆದರೆ ನನಗೆ ಹೇಳಿಕೊಳ್ಳಲು ವಾಡೆ ಇರಲಿಲ್ಲ. ನನ್ನ ಅವ್ವ ಬಾಳವ್ವ, ದೇಸಾಯರ ವಾಡೆಯಲ್ಲಿ ಅಡಿಗೆಯವಳು. ನಾವಿಬ್ಬರೂ ಮಲಗುತ್ತಿದ್ದದ್ದು ಅಡಿಗೆಮನೆಯಲ್ಲೇ, ಒಲೆಯ ಬೂದಿಯ ಬಿಸುಪು ತಾಗುವ ಗೋಡೆಯ ಪಕ್ಕ.

ಆ ದೇಸಾಯರ ಒಬ್ಬನೇ ಮಗ ಚೆನ್ನಬಸವರಾಜ ದೇಸಾಯಿ. ಮನೆಯಲ್ಲಿ ಮುದ್ದಿಗೆ ತಮ್ಮಾಸಾಹೇಬ ಎಂದು ಕರೆದದ್ದು ಅರವತ್ತೊಂಬತ್ತರ ವಯಸ್ಸಿಗೂ ಅಂಟಿಕೊಂಡಿದೆ. ಹಲ್ಲು ಹೋಗಿವೆ, ತಮ್ಮಾಸಾಹೇಬ ಹೋಗಿಲ್ಲ. ಎಲ್ಲ ಧಣಿಗಳೂ ತಮ್ಮ ವಾಡೆಗಳನ್ನು ಬಾಯಿಗೆ ಬಂದಂತೆ ಹೇಳಿ ಮುಗಿಸಿ ಐವತ್ತೆಂಟು ವರ್ಷಗಳಾದರೂ ಇವರು ಹೇಳಿರಲಿಲ್ಲ. ಯಾಕೆಂದರೆ ಇವರು ಸಾಹಿತಿಗಳು. ಮೊದಲು ಬರೆಯಬೇಕು, ಆಮೇಲೆ ಅಚ್ಚಾಗಬೇಕು, ಆಮೇಲೆ ಬಯಲಿನಲ್ಲಿ ಪುಸ್ತಕ ಹಿಡಿದು ಓದಬೇಕು, ಆಗ ಏಳುವ ವಾಡೆಯೇ ಬೇರೆ ಎಂದು ಅವರ ವಾದ. ಹೀಗೆ ಇಪ್ಪತ್ತೆರಡು ವರ್ಷ ಬರೆದು, ‘ನನ್ನ ಬೆಳ್ಳಿಯ ಬಾಲ್ಯ’ ಎಂದು ಹೆಸರಿಟ್ಟು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಹಸ್ತಪ್ರತಿಯನ್ನು ತಂದು ನನ್ನ ಮುಂದೆ ಇಟ್ಟರು.

“ಫಕೀರವ್ವಾ, ಇದನ್ನ ನೀನ ಜೋಡಸಬೇಕು ನೋಡು. ನಿಮ್ಮವ್ವನ ಕಥೀನೂ ಅದ ಇದ್ರಾಗ. ನಿಮ್ಮವ್ವನ್ನ ನಾ ಅಮರ ಮಾಡೀನಿ,” ಎಂದರು. ಹಾಗೆ ಹೇಳುವಾಗ ಅವರ ಕಣ್ಣಲ್ಲಿ ನೀರು ಬಂತು. ತಮ್ಮ ಬರವಣಿಗೆ ನೆನೆದರೆ ಅವರಿಗೆ ಯಾವಾಗಲೂ ಕಣ್ಣಲ್ಲಿ ನೀರು ಬರುತ್ತಿತ್ತು.

ಅವ್ವನ ಕಥೆ ನನಗೆ ಹೊಸದಲ್ಲ. ಇಡೀ ಊರಿಗೆ ಬಾಯಿಪಾಠ. ಗದ್ದಲದ ದಿನ ಮಧ್ಯಾಹ್ನ ದೇಸಾಯರ ಮನೆಯವರು ಹಿತ್ತಿಲಿನಿಂದ ಗಾಡಿ ಹತ್ತಿ ಹೊಳೆಯ ಕಡೆ ಹೊರಟಾಗ ಬಾಳವ್ವ ಅವರ ಜೊತೆ ಬರಲಿಲ್ಲವಂತೆ. ‘ನೀವು ಹೋಗ್ರಿ ಧಣೇರ, ಒಲಿ ನಾ ನೋಡ್ಕೋತೀನಿ’ ಅಂದಳಂತೆ. ಜನ ಬಂದು ಬಣವೆಗೆ ಹಚ್ಚಿದ ಬೆಂಕಿ ಅಡಿಗೆಮನೆಗೂ ಹತ್ತಿಕೊಂಡರೂ ಧಣಿಗಳ ಒಲೆ ಬಿಟ್ಟು ಕದಲಲಿಲ್ಲವಂತೆ. ಉಂಡ ಮನೆಗೆ ಎರಡು ಬಗೆಯದ ಹೆಣ್ಣು ಎಂದು, ಓಡಿ ಬಂದ ಧಣಿಗಳು ಕಟ್ಟಿಕೊಂಡ ನಿರ್ವಾಸಿತರ ಸಂಘದವರು ಪ್ರತಿವರ್ಷ ಆ ದಿನ ನನ್ನನ್ನು ವೇದಿಕೆಗೆ ಕರೆದು ಉಡಿ ತುಂಬುತ್ತಾರೆ. ಒಂದು ತೆಂಗಿನಕಾಯಿ, ಒಂದು ಕುಬಸದ ಖಣ. ನಾನು ತಲೆ ತಗ್ಗಿಸಿ ತಗೊಂಡು ಬರುತ್ತೇನೆ. ಅದನ್ನು ನಮ್ರತೆ ಎನ್ನುತ್ತಾರೆ. ಅದು ನಮ್ರತೆಯಲ್ಲ, ಸಿಟ್ಟು.

ಯಾಕೆಂದರೆ ಆ ದಿನ ಬೆಳಗ್ಗೆ ಅವ್ವ ನನ್ನನ್ನು ಚಿಕ್ಕವ್ವನ ಜೊತೆ ಹೊಳೆಗೆ ಕಳಿಸಿದ್ದಳು. “ಹೊಳೀ ದಂಡ್ಯಾಗ ಕುಂದರು. ಅಡಿಗಿ ಮುಗಿಸಿ ಬಂದ್ಬಿಡ್ತೀನಿ, ಮೂರೂ ಮಂದಿ ಕೂಡಿ ದೋಣಿ ಹತ್ತೋಣು,” ಅಂದಿದ್ದಳು. ನಾನು ಕೂತೆ. ದೇಸಾಯರ ಗಾಡಿ ಬಂತು, ಅವರು ದೋಣಿ ಹತ್ತಿದರು, ಹೋದರು. ಅವ್ವ ಬರಲಿಲ್ಲ. ಮರುದಿನ ಸಂಜೆಯವರೆಗೂ ಕೂತೆ. ಕೊನೆಗೆ ಚಿಕ್ಕವ್ವ ರಟ್ಟೆ ಹಿಡಿದು ಎಳೆದು ದೋಣಿಗೆ ಹಾಕಿದಳು. ಈ ದಂಡೆಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಕೇಳಿದ್ದು ಒಂದೇ ಕಥೆ: ನಿಮ್ಮವ್ವ ಬರಲೊಲ್ಲೆ ಅಂದಳು. ಮಗಳಿಗಿಂತ ಧಣಿಯ ಒಲೆ ದೊಡ್ಡದಾಯಿತಲ್ಲ ಅವಳಿಗೆ! ಆ ಹೆಂಗಸನ್ನು ನಾನು ಅರವತ್ತು ವರ್ಷ ಕ್ಷಮಿಸಲಿಲ್ಲ. ಅವಳ ಹೆಸರಿನಲ್ಲಿ ಒಂದು ಹಿಡಿ ಅನ್ನ ಇಡಲಿಲ್ಲ, ಒಂದು ದೀಪ ಹಚ್ಚಲಿಲ್ಲ. ಯಾರಾದರೂ ನಿಷ್ಠೆ ಎಂದರೆ ನನಗೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಇರಲಿ. ಪುಸ್ತಕ ಜೋಡಿಸಲು ಕೂತೆ. ಅಂಥ ಪುಸ್ತಕವನ್ನು ನೀವು ಓದಿರಲಾರಿರಿ, ಓದದಿದ್ದರೆ ಪುಣ್ಯವಂತರು. ಬಿಳಿ ಕುದುರೆಮರಿಯೊಂದರ ಸ್ವಭಾವದ ಬಗ್ಗೆ ಹನ್ನೊಂದು ಪುಟ; ಅದು ಒದ್ದದ್ದರಿಂದ ಕಾಲು ಮುರಿದುಕೊಂಡ ಆಳಿನ ಬಗ್ಗೆ ಅರ್ಧ ಸಾಲು, ಅದರಲ್ಲೂ ಪಾಪ ಎಂದದ್ದು ಕುದುರೆಗೆ. ಬೆಳಗಾದರೆ ಹಾಲು ಬರುತ್ತಿತ್ತು. ಬಿಸಿನೀರು ಬರುತ್ತಿತ್ತು. ಮಡಿಸಿದ ಬಟ್ಟೆ ಬರುತ್ತಿತ್ತು. ಹೋಳಿಗೆ ಬರುತ್ತಿತ್ತು. ಎಲ್ಲಿಂದ ಬರುತ್ತಿತ್ತು, ಯಾರು ತರುತ್ತಿದ್ದರು, ದೇವರೇ ಬಲ್ಲ. ಬರುತ್ತಿತ್ತು ಬರುತ್ತಿತ್ತು ಎಂದು ಜೋಡಿಸಿ ಜೋಡಿಸಿ ನನ್ನ ಮೊಳೆಪೆಟ್ಟಿಗೆಯಲ್ಲಿದ್ದ ತಕಾರದ ಒತ್ತುಗಳು ಮುಗಿದು ಹೋಗಿ, ಮೌಲಾಸಾಬರು ಬೇರೆ ಊರಿನಿಂದ ಮೊಳೆ ತರಿಸಬೇಕಾಯಿತು. ವಾಡೆಯ ಒಂದೊಂದು ಕಿಟಕಿಯ ಬಣ್ಣದ ಗಾಜಿಗೂ ಒಂದೊಂದು ಪ್ಯಾರಾ ಇತ್ತು. ನಡುನಡುವೆ, ಅಯ್ಯೋ ಆ ಸ್ವರ್ಗವೇ, ನಿನ್ನನ್ನು ಕಸಿದವರು ಯಾರು, ಎಂದು ನಿಟ್ಟುಸಿರು. ಕಸಿದವರು ಹಾಲು ಕರೆಯುತ್ತಿದ್ದವರು ಧಣಿ, ನೀರು ಕಾಯಿಸುತ್ತಿದ್ದವರು ಎಂದು ಅಂಚಿನಲ್ಲಿ ಬರೆಯಬೇಕೆನಿಸುತ್ತಿತ್ತು. ಮೊಳೆ ಜೋಡಿಸುವವಳಿಗೆ ಅಂಚಿನಲ್ಲಿ ಕೆಲಸವಿಲ್ಲವೆಂದು ಸುಮ್ಮನಿದ್ದೆ.

ಕೊನೆಯ ಅಧ್ಯಾಯಕ್ಕೆ ಬಂದಾಗ ಒಂದು ವಾಕ್ಯದ ಮೇಲೆ ನನ್ನ ಕೈ ನಿಂತಿತು. ‘ನಮ್ಮನ್ನು ಹಿತ್ತಿಲ ಬಾಗಿಲಿನಿಂದ ದಾಟಿಸಿ, ಬಾಳವ್ವ ಒಳಗಿನಿಂದ ಅಗಳಿ ಹಾಕಿಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತಳು.’ ಹೀಗೆ ಬರೆದಿತ್ತು. ಅಗಳಿ ಎಂದರೆ ಬಾಗಿಲಿಗೆ ಒಳಗಿನಿಂದ ಅಡ್ಡ ಕೊಡುವ ಮರದ ತುಂಡು. ವಾಡೆಯ ಎಲ್ಲ ಬಾಗಿಲಿಗೂ ಅದಿತ್ತು, ಒಂದು ಬಾಗಿಲು ಬಿಟ್ಟು. ಅಡಿಗೆಮನೆಯಿಂದ ಹಿತ್ತಿಲಿಗೆ ತೆರೆಯುವ ಬಾಗಿಲಿಗೆ ಒಳಗೆ ಅಗಳಿ ಇರಲಿಲ್ಲ, ಹಿಡಿ ಕೂಡ ಇರಲಿಲ್ಲ. ಹೊರಗೆ ಮಾತ್ರ ಒಂದು ಕಬ್ಬಿಣದ ಚಿಲಕ. ದಿನಾ ರಾತ್ರಿ ಊಟವಾದ ಮೇಲೆ ಅಡಿಗೆಯವರು ಬೆಲ್ಲ ತುಪ್ಪ ಹೊರಗೆ ಸಾಗಿಸದಿರಲಿ ಎಂದು ಧಣಿಗಳ ಕಡೆಯವರು ಹೊರಗಿನಿಂದ ಚಿಲಕ ಹಾಕುತ್ತಿದ್ದರು, ಬೆಳಗ್ಗೆ ತೆಗೆಯುತ್ತಿದ್ದರು. ಆ ಬಾಗಿಲಿನ ಒಳಮೈಗೆ ಬೆನ್ನು ಕೊಟ್ಟೇ ನಾನು ಬೆಳೆದವಳು. ಅಲ್ಲಿ ಅಗಳಿ ಇದ್ದಿದ್ದರೆ ನನ್ನ ತಲೆಗೆ ತಾಗುತ್ತಿರಲಿಲ್ಲವೇ? ಆದರೆ ಬಾಗಿಲುಗಳನ್ನು ಬೇರೆಯವರೇ ತೆಗೆದು ಬೇರೆಯವರೇ ಹಾಕುವ ಮನೆಯಲ್ಲಿ ಬೆಳೆದವರಿಗೆ ಯಾವ ಬಾಗಿಲಿಗೆ ಏನಿದೆ ಎಂದು ಹೇಗೆ ತಿಳಿಯಬೇಕು!

ಅಂದರೆ ಅವ್ವ ಒಳಗಿನಿಂದ ಬಾಗಿಲು ಹಾಕಿಕೊಂಡಿರಲು ಸಾಧ್ಯವಿಲ್ಲ. ಹಗಲಾದ್ದರಿಂದ ಆ ಚಿಲಕ ತೆಗೆದಿತ್ತೆಂದರೆ, ಬರಬಹುದಾಗಿದ್ದರೂ ಅವ್ವ ಬರಲಿಲ್ಲ. ಅವರು ಹೇಳುವ ಕಥೆಯೇ ನಿಜ, ನನ್ನ ಸಿಟ್ಟೂ ನಿಜ. ಹಾಕಿತ್ತೆಂದರೆ? ನನ್ನ ಕೈಯಲ್ಲಿದ್ದ ಮೊಳೆ ಕೆಳಗೆ ಬಿತ್ತು. ಮೌಲಾಸಾಬರು ತಲೆಯೆತ್ತಿ, “ಏನಾತವ್ವ, ತಪ್ಪೈತೇನು? ಇದ್ರ ಅವರಿಗೆ ಹೇಳಿ ತಿದ್ದಿಬಿಡು,” ಎಂದರು. ನಾನು, “ಅಚ್ಚಿನ ತಪ್ಪಲ್ರಿ,” ಎಂದೆ. “ಹಂಗಾರ ನಮಗ್ಯಾಕ ಬಿಡು,” ಎಂದು ಅವರು ತಮ್ಮ ಬೀಡಿ ಹಚ್ಚಿಕೊಂಡರು.

ಆದರೂ ಕರಡು ಪ್ರತಿ ಕೊಡಲು ಹೋದಾಗ ಒಂದು ಮಾತು ಕೇಳಿದೆ. ಕೇಳದೆ ಬಿಟ್ಟೆ ಎಂದು ನಾಳೆ ಯಾರೂ ಅನ್ನಬಾರದಲ್ಲ. “ಧಣೇರ, ಈ ಹಿತ್ತಲ ಬಾಗಲದ ಮಾತು, ಇದನ್ನ ನೀವ ಕಣ್ಣಲೆ ಕಂಡೀರೇನ್ರಿ?”

“ಕಂಡಿಲ್ಲೇನ ಮತ್ತ? ಒಂಬತ್ತು ವರ್ಷದಾಂವ ಇದ್ದೆ ನಾನು. ಅಗಳಿ ಬಿದ್ದ ಸಪ್ಪಳ ಇನ್ನೂ ಕಿವ್ಯಾಗ ಅದ,” ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಒಂದಕ್ಷರ ಬದಲಾಗಬಾರದು ನೋಡು, ಆ ಪುಟದಾಗ.”

ಒಂದಕ್ಷರವನ್ನೂ ಬದಲಾಯಿಸಲಿಲ್ಲ. ನನ್ನ ಜೀವಮಾನದಲ್ಲಿ ಯಾವ ಪುಟವನ್ನೂ ಅಷ್ಟು ಜೋಪಾನವಾಗಿ ಜೋಡಿಸಿದವಳಲ್ಲ. ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಹೇಳುತ್ತದೆ, ಬಯಲು ಹೇಳಲು ಬಿಡುವುದಿಲ್ಲ. ಅಲ್ಲಿ ಬರಿಗಾಲಲ್ಲಿ ನಿಂತು ಓದಲಿ, ನೋಡೋಣ ಎಂದುಕೊಂಡೆ.

ಓದುವ ದಿನ ಭಾನುವಾರ. ನಿರ್ವಾಸಿತರ ಸಂಘದವರು ಇದ್ದಬದ್ದ ಜರಿ ಪೇಟಗಳನ್ನೆಲ್ಲ ಹಾಕಿಕೊಂಡು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತರು. ಹಿಂದೆ ಊರಿನವರು, ಎರೆಮಣ್ಣಿನ ಮೇಲೆ. ತಮ್ಮಾಸಾಹೇಬರು ಜಮಖಾನೆ ಹಾಸಿಸಿಕೊಂಡು ಅದರ ಮೇಲೆ ಮೋಜಡಿ ಬಿಚ್ಚಿ ನಿಂತು, ಗಂಟಲು ಸರಿಪಡಿಸಿಕೊಂಡು, ಮಹಾದ್ವಾರದ ವರ್ಣನೆ ಶುರು ಮಾಡಿದರು. ಒಂದು ಪುಟವಾಯಿತು, ಎರಡು ಪುಟವಾಯಿತು, ದ್ವಾರವೂ ಇಲ್ಲ ದಿಡ್ಡಿಯೂ ಇಲ್ಲ. ಕೊನೆಗೆ ಮುಕ್ತುಂಬಿ ಕೂಗಿದಳು: “ಧಣೇರ, ಜಮಖಾನಿ ಬಿಟ್ಟು ಕೆಳಗಿಳೀರಿ! ಬರಿಗಾಲು ಅಂದ್ರ ನೆಲಕ್ಕ ಹತ್ತಬೇಕ್ರಿ.” ಮೂಗು ಮುರಿಯುತ್ತ ಇಳಿದರು. ಮಣ್ಣಿಗೆ ತಾಗಿದ ಪಾದ ಕೂಸಿನ ಪಾದದ ಹಾಗೆ ಬೆಳ್ಳಗಿತ್ತು.

ಆಮೇಲೆ ವಾಡೆ ಎದ್ದಿತು. ಸುಳ್ಳು ಹೇಳಬಾರದು, ಬಹಳ ಚೆಂದ ಎದ್ದಿತು. ಮಹಾದ್ವಾರ, ಚೌಕ, ತೂಗುಮಂಚ, ಹಸಿರು ಕೆಂಪು ಗಾಜಿನ ಕಿಟಕಿಗಳು, ಅವುಗಳ ಬೆಳಕು ನೆಲದ ಮೇಲೆ ಬಿದ್ದ ರೀತಿ, ಎಲ್ಲ. ಮುಂದಿನ ಸಾಲಿನವರು ಪೇಟಗಳನ್ನು ಅಲ್ಲಾಡಿಸುತ್ತ ವಾಹ್ ವಾಹ್ ಎಂದರು. ಹಿಂದಿನವರು ಎದ್ದು ಒಳಗೆ ತಿರುಗಾಡತೊಡಗಿದರು. ಊಟದ ಮನೆಯಲ್ಲಿ ಬೆಳ್ಳಿಯ ತಟ್ಟೆಗಳಿದ್ದವು. ಅದರ ಆಚೆ ಒಂದು ಹೊಸ್ತಿಲು, ಹೊಸ್ತಿಲಾಚೆ ಬರೀ ಬಯಲು, ಬಯಲಲ್ಲಿ ಮುಕ್ತುಂಬಿಯ ಕತ್ತೆ. ಬಚ್ಚಲಲ್ಲಿ ಹಂಡೆ ಇತ್ತು, ಹಂಡೆಯ ಕೆಳಗೆ ಒಲೆ ಇರಲಿಲ್ಲ, ಅದು ಗಾಳಿಯಲ್ಲಿ ತೂಗುತ್ತಿತ್ತು. ಬಾವಿ ಇರಲಿಲ್ಲ. ಕೊಟ್ಟಿಗೆ ಇರಲಿಲ್ಲ. ಪಾಯಖಾನೆ ಇರಲಿಲ್ಲ. ದೇಸಾಯರ ವಂಶದಲ್ಲಿ ಯಾರಿಗೂ ಆ ಅವಶ್ಯಕತೆ ಬೀಳಲಿಲ್ಲವೇನೋ ಎಂದು ಯಾರೋ ಅಂದದ್ದಕ್ಕೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಮುಕ್ತುಂಬಿ ಹೊಸ್ತಿಲ ಮೇಲೆ ನಿಂತು ಸೊಂಟಕ್ಕೆ ಕೈಯಿಟ್ಟು ಕೇಳಿದಳು: “ಅಲ್ರಿ ಧಣೇರ, ಅಡಿಗಿಮನಿ ಎಲ್ಲೈತ್ರಿ?”

“ಇತ್ತಬೇ, ಒಳಗ ಎಲ್ಲೋ ಒಂದ ಕಡೆ ಇತ್ತು. ಆ ಕಡೆ ನಾವು ಹೋಗ್ತಿದ್ದಿಲ್ಲ,” ಎಂದರು ತಮ್ಮಾಸಾಹೇಬರು. ಅವಮಾನವೇನೂ ಆದಂತೆ ಕಾಣಲಿಲ್ಲ. ‘ನನ್ನ ಬೆಳ್ಳಿಯ ಬಾಲ್ಯ’ಕ್ಕೆ ಅಡಿಗೆಮನೆ ಯಾಕೆ ಬೇಕು!

ಕೊನೆಯ ಅಧ್ಯಾಯ ಬಂತು. ಎದುರಿನ ಕುರ್ಚಿಯವರು ಮೊದಲೇ ಕರವಸ್ತ್ರ ತೆಗೆದಿಟ್ಟುಕೊಂಡರು. ಹೊರಡುವ ಗಡಿಬಿಡಿ, ಗಾಡಿ, ತಾಯಿಯ ವಜ್ರದ ಮೂಗುಬಟ್ಟು. ನಾನು ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ‘ಬಾಳವ್ವ ಒಳಗಿನಿಂದ ಅಗಳಿ ಹಾಕಿಕೊಂಡು’ ಎಂದು ಅವರು ಓದುತ್ತಲೇ ವಾಡೆಯ ಹಿಂಭಾಗದಲ್ಲಿ ಒಂದು ಬಾಗಿಲು ಮೊಣಕಾಲೆತ್ತರಕ್ಕೆ ಬೆಳೆದು, ನಡುಗಿ, ಸರಸರನೆ ಪುಡಿಮಣ್ಣಾಗಿ ಇಳಿಯಿತು. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಮತ್ತೆ ಇಳಿಯಿತು. ಮೂರನೆಯ ಸಲ ಗಟ್ಟಿಯಾಗಿ ಓದಿದರು, ಗಟ್ಟಿಯಾಗಿ ಓದಿದರೆ ನಿಲ್ಲುತ್ತದೆಂಬಂತೆ. ಸಂಘದ ಅಧ್ಯಕ್ಷರು ಕೆಮ್ಮಿದರು. ಹಿಂದಿನವರು ಗುಸುಗುಸು ಶುರು ಮಾಡಿದರು.

ತಮ್ಮಾಸಾಹೇಬರು ಪುಸ್ತಕ ಮಡಚಿ, “ಅಚ್ಚಿನ ತಪ್ಪು ಇದು. ಮೊಳೆ ತಪ್ಪ ಕೂಡಿಸ್ಯಾಳ ಫಕೀರವ್ವ. ವಯಸ್ಸಾತು, ಕಣ್ಣ ಕಾಣಂಗಿಲ್ಲ ಪಾಪ,” ಎಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಾನು ಎದ್ದು ನಿಂತೆ. ಕೆಂಪು ಬಟ್ಟೆಯ ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದೆ, ಅದನ್ನು ಅಧ್ಯಕ್ಷರ ತೊಡೆಯ ಮೇಲೆ ಹಾಕಿದೆ. “ಅವರ ಕೈಬರಹ ಐತ್ರಿ, ತಾಳೆ ಹಾಕಿ ನೋಡ್ಕೋರಿ. ನಾ ಅಕ್ಷರ ತಪ್ಪಿಲ್ಲ. ಅವರಿಗೆ ಬಾಗಲ ತಪ್ಪೈತಿ.” ಆಮೇಲೆ ಜನರ ಕಡೆ ತಿರುಗಿ, ನನಗೆ ಗೊತ್ತಿದ್ದ ಬಾಗಿಲನ್ನು ಹೇಳಿದೆ. ನಾನು ಆ ಬಯಲಿನಲ್ಲಿ ಬಾಯಿ ತೆರೆದದ್ದು ಅದೇ ಮೊದಲು. “ಅಡಿಗಿಮನಿ ಹಿತ್ತಲ ಬಾಗಲ. ಬೇವಿನ ಹಲಗಿ, ಎರಡು. ಕೆಳಗಿನ ಮೂಲ್ಯಾಗ ಹೆಗ್ಗಣ ಕಡದ ತೂತು. ಒಳಗ ಅಗಳಿ ಇಲ್ಲ, ಹಿಡಿ ಇಲ್ಲ. ಹೊರಗ ಕಬ್ಬಿಣದ ಚಿಲಕ, ಹಗಲಿನ್ಯಾಗ ತಗದಿರತಿತ್ತು.”

ಬಾಗಿಲು ಎದ್ದು ನಿಂತಿತು. ಗಿಡ್ಡ ಬಾಗಿಲು, ಕರಿಹಿಡಿದದ್ದು. ಅಷ್ಟು ಚೆಂದದ ವಾಡೆಯ ಹಿಂದೆ ಅದೊಂದು ಅಸಹ್ಯವಾಗಿ ಕಾಣುತ್ತಿತ್ತು. ಚಿಲಕ ಸುಮ್ಮನೆ ಜೋತು ಬಿದ್ದಿತ್ತು. ಜನ ಸುತ್ತ ಬಂದು ನಿಂತರು. ಒಳಮೈಗೆ ಅಗಳಿ ಇಲ್ಲದ್ದನ್ನು ಮುಕ್ತುಂಬಿ ಆ ಕಡೆ ಹೋಗಿ ಕೈಯಾಡಿಸಿ ನೋಡಿ ಬಂದು ಎಲ್ಲರಿಗೂ ಹೇಳಿದಳು.

“ಧಣೇರ,” ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. “ಆವತ್ತ ಮಧ್ಯಾಹ್ನ ನೀವು ಗಾಡಿ ಹತ್ತೂಮುಂದ ಈ ಚಿಲಕ ತಗದಿತ್ತೋ, ಹಾಕಿತ್ತೋ? ಅಷ್ಟ ಹೇಳ್ರಿ. ಮತ್ತೇನೂ ಬ್ಯಾಡ.”

“ತಗದಿತ್ತು,” ಎಂದರು ತಟ್ಟನೆ. ಚಿಲಕ ಪುಡಿಯಾಗಿ ಉದುರಿತು.

ನಾನು ಚಿಲಕವನ್ನು ಮತ್ತೆ ಹೇಳಿದೆ, ಅದು ಮತ್ತೆ ಬಂದು ಜೋತು ಬಿದ್ದಿತು. ತಮ್ಮಾಸಾಹೇಬರು ಮುಖ ಒರೆಸಿಕೊಂಡರು. “ಆಳಗೋಳು ಯಾರೋ ಹಾಕಿದ್ರು ಕಾಣಸ್ತದ,” ಎಂದರು. ಉದುರಿತು. ಮತ್ತೆ ಹೇಳಿದೆ. “ಅಪ್ಪಾಸಾಹೇಬ್ರು ಹಾಕಿದ್ರು.” ಉದುರಿತು. ಮುಂದಿನ ಸಾಲಿನಲ್ಲಿ ಒಬ್ಬರು ಎದ್ದು, ಇದು ಸಭ್ಯತೆಯಲ್ಲ, ಸಭೆ ಮುಗಿಸಿರಿ ಎಂದರು. ಹಿಂದಿನವರು ಅವರ ಪೇಟ ಹಿಡಿದು ಕೂರಿಸಿದರು. ನಾನು ಚಿಲಕ ಮತ್ತೆ ಹೇಳಿದೆ. “ಅವ್ವಾಸಾಹೇಬ್ರು ಹಾಕಿದ್ರು,” ಎಂದರು ತಮ್ಮಾಸಾಹೇಬರು, ಈಗ ದನಿಯೇ ಇರಲಿಲ್ಲ. ತಾಯಿಯ ಮೇಲೆ ಹಾಕಲೂ ಹಿಂಜರಿಯಲಿಲ್ಲವಲ್ಲ ಎಂದು ನನಗೆ ಹೇಸಿಗೆಯಾಯಿತು. ಅದೂ ಉದುರಿತು. ನಾನು ನಾಲ್ಕನೆಯ ಸಲ ಚಿಲಕ ಹೇಳಿ ಕಾದು ನಿಂತೆ. ನನಗೆ ಆ ಹೊತ್ತಿಗೆ ಗೊತ್ತಾಗಿತ್ತು. ಆದರೂ ಆ ಬಾಯಿಂದ ಬರಲಿ ಎಂದು ನಿಂತೆ.

“ನಾ ಹಾಕಿದೆ,” ಎಂದರು.

ಚಿಲಕ ತಾನಾಗಿ ಎದ್ದು, ಅಡ್ಡ ತಿರುಗಿ, ಬಳೆಯಲ್ಲಿ ಹೋಗಿ ಕೂತಿತು. ಅದರ ಸದ್ದು ಇಡೀ ಬಯಲಿಗೆ ಕೇಳಿಸಿತು.

ಆಮೇಲೆ ಅವರ ಬಾಯಿ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಬರೆದವರು ಅಷ್ಟು ನೆಟ್ಟಗೆ ಒಂದು ವಾಕ್ಯವನ್ನೂ ಬರೆದಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿಯೇ ಹೊರಟಿದ್ದರು, ಹೋಳಿಗೆ ಊಟ. ಜನ ಊರ ಅಗಸಿಬಾಗಿಲ ಹತ್ತಿರ ಬಂದಿದ್ದಾರೆಂದು ಸುದ್ದಿ ಬಂತು. ಆಗ ಅವ್ವಾಸಾಹೇಬರು ಹೇಳಿದರಂತೆ: ಒಲಿ ಉರೀತಿರಬೇಕು, ಹೊಗಿ ಕಂಡ್ರ ನಾವು ಒಳಗ ಅದೀವಿ ಅಂತ ತಿಳೀತಾರ, ಅಷ್ಟರಾಗ ನಾವು ಹೊಳಿ ಮುಟ್ತೀವಿ. ಬಾಳವ್ವ ಒಲೆ ಆರಿಸಿ ಗಂಟು ಕಟ್ಟುತ್ತಿದ್ದಳು. ಇನ್ನೆರಡು ಕಟ್ಟಿಗೆ ಇಡು ಎಂದು ಅವಳನ್ನು ಒಳಗೆ ಕಳಿಸಿ, ಊಟದ ಮನೆಯ ಕಡೆಯ ಬಾಗಿಲಿಗೆ ಅಪ್ಪಾಸಾಹೇಬರು ಬೀಗ ಹಾಕಿದರು. ಹಿತ್ತಿಲ ಕಡೆ ಬಂದಾಗ ತಾಯಿ ಮಗನಿಗೆ, ತಮ್ಮಾ ಆ ಚಿಲಕ ಹಾಕು ಎಂದರು. “ಅದಕ್ಕಿಂತ ಮೊದಲ ನಂಗ ಯಾರೂ ಒಂದ ಕೆಲಸಾ ಹೇಳಿದ್ದಿಲ್ಲ,” ಎಂದರು ತಮ್ಮಾಸಾಹೇಬರು. “ಕೈ ನಿಲುಕಿತು. ಖುಷಿ ಆತು ನಂಗ.” ಹೊಗೆ ನೋಡಿದ ಜನ ಧಣಿಗಳು ಒಳಗಿದ್ದಾರೆಂದೇ ತಿಳಿದು ಬಣವೆಗೆ ಬೆಂಕಿ ಇಟ್ಟರು. ಮಿಕ್ಕದ್ದು ಎಲ್ಲರಿಗೂ ಗೊತ್ತು. ಮಿಕ್ಕದ್ದಕ್ಕೇ ಪ್ರತಿವರ್ಷ ನನಗೆ ಉಡಿ ತುಂಬುತ್ತಿದ್ದದ್ದು.

“ತಗೀರಿ ಈಗರೆ,” ಎಂದಳು ಮುಕ್ತುಂಬಿ. ಅವಳ ದನಿಯಲ್ಲಿ ಕಷಾಯದ ಮರ್ಯಾದೆ ಇರಲಿಲ್ಲ. ತಮ್ಮಾಸಾಹೇಬರು ಬರಿಗಾಲಲ್ಲೇ ಹೋಗಿ, ಎರಡು ಕೈಯಿಂದ ಚಿಲಕ ಎಳೆದು, ಬಾಗಿಲು ತ‌ಳ್ಳಿ ನೋಡಿದರು. ಅಡಿಗೆಮನೆಯನ್ನು ಯಾರೂ ಹೇಳಿರಲಿಲ್ಲವಲ್ಲ, ಆ ಕಡೆ ಬಯಲೇ ಇತ್ತು. ಅವರು ಇತ್ತ ತಿರುಗಿ ನೆಮ್ಮದಿಯಿಂದ ಉಸಿರು ಬಿಟ್ಟು, “ಒಳಗ ಯಾರೂ ಇಲ್ಲ,” ಎಂದರು. ಆ ಮಾತಿಗೆ ಜನ ಅವರನ್ನು ಹೊಡೆಯದೆ ಬಿಟ್ಟದ್ದು ಅವರ ವಯಸ್ಸಿನ ಪುಣ್ಯ.

ನಾನು ಹತ್ತಿರ ಹೋದೆ. “ನೀವು ಚಿಲಕ ಹಾಕಿದ ಮ್ಯಾಲ ನಮ್ಮವ್ವ ಏನರೆ ಅಂದಳೇನ್ರಿ?”

ಅವರು ನೆಲ ನೋಡಿದರು. “ಬಾಗಲಾ ಬಡದಳು. ‘ತಮ್ಮಾಸಾಹೇಬ, ಚಿಲಕ ತಗಿಯಪ್ಪಾ,’ ಅಂದಳು. ‘ನನ್ನ ಮಗಳು ಹೊಳೀ ದಂಡ್ಯಾಗ ದಾರಿ ಕಾಯ್ಕೋತ ಕುಂತಾಳ. ಕರೇ ಕಲ್ಲಿನ ಮ್ಯಾಲ ಕುಂತಿರ್ತಾಳ. ನಾ ಬರೂತನಕಾ ಏಳಂಗಿಲ್ಲ ಆಕಿ,’ ಅಂದಳು.”

ನಾನು ಕೂತಿದ್ದದ್ದು ಕರೇ ಕಲ್ಲಿನ ಮೇಲೇ. ಬೆಳಗ್ಗೆ ಹೊರಡುವಾಗ ಅವಳು ಕಲ್ಲಿನ ಮಾತೇ ಆಡಿರಲಿಲ್ಲ. ದಂಡೆಯಲ್ಲಿ ಎಷ್ಟು ಕಲ್ಲುಗಳಿದ್ದರೂ ನಾನು ಅದರ ಮೇಲೇ ಕೂರುತ್ತೇನೆಂದು, ಎದ್ದು ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದ ಹೆಂಗಸಿನ ಮೇಲೆ ಅರವತ್ತು ವರ್ಷ ಹಲ್ಲು ಮಸೆದೆ ನಾನು. ಈ ಧಣಿಗಳನ್ನು ಹೀಯಾಳಿಸಿ, ಅವರ ಕಥೆಗಳಿಗೆಲ್ಲ ನಗುತ್ತ, ಅವರು ಹೇಳಿದ ಒಂದೇ ಒಂದು ಕಥೆಯನ್ನು ಮಾತ್ರ ನಂಬಿಕೊಂಡು ಕೂತಿದ್ದೆ. ಅವ್ವಾ, ಎಂದು ಜೋರಾಗಿ ಕೂಗಿ ಅತ್ತೆ. ಅಷ್ಟು ಜನರ ಮುಂದೆ, ಮೂಗು ಸೋರುವ ಹಾಗೆ ಅತ್ತೆ. ಮುಕ್ತುಂಬಿ ಬಂದು ಹಿಡಿದುಕೊಂಡಳು.

ತಮ್ಮಾಸಾಹೇಬರಿಗೂ ಅಳು ಬಂದಿತ್ತು. ಅವರು ನನ್ನ ಕೈ ಹಿಡಿಯಲು ಬಂದು, ಹಿಡಿಯಲು ಧೈರ್ಯ ಸಾಲದೆ, ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತರು. “ನಾ ಏನ ಮಾಡ್ಲಿ ಫಕೀರವ್ವಾ,” ಎಂದರು, “ಸಣ್ಣಾಂವ ಇದ್ದೆ. ಒಂಬತ್ತು ವರ್ಷದ ಕೂಸು ನಾನು.”

“ನನಗ ಎಂಟ ಇತ್ರಿ ಧಣೇರ,” ಎಂದೆ.